ಫ್ಯೂಸು ಮತ್ತು ದಪ್ಪ ತಂತಿ

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ, ಬಾಯಲ್ಲಿ ಉಳಿದಿರೋ ಒಂದೇ ಹಲ್ಲಿನಾಣೆ.

ಚೆನ್ನವೀರಣ್ಣನ ಬೇಕರೀಲಿ ಒಂದು ಫ್ಯೂಸಿತ್ತು. ಓವನ್ನು, ಫ್ರಿಜ್ಜು, ಗ್ರೈಂಡರು ಒಟ್ಟಿಗೆ ಓಡಿದ್ರೆ ತಾನು ಸುಟ್ಕೊಂಡು ಅಂಗಡಿ ಉಳಿಸೋದು. ಅದಕ್ಕೆ ಸಿಕ್ಕ ಬಿರುದು, "ದರಿದ್ರದ್ದು!"

ಚೆನ್ನವೀರಣ್ಣ ರೋಸಿಹೋಗಿ ಅದನ್ನ ಬೋರ್ಡಿನ ಮೂಲೆಗೆ ತಳ್ಳಿ, ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿ, ಮುಚ್ಚಳ ಹಾಕಿ, ಮೇಲೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದ.

"ನೋಡ್ದಾ? ಎಷ್ಟು ಕರೆಂಟು ಬಂದ್ರೂ ನಾನು ಬೇಡ ಅನ್ನಲ್ಲ. ಅದಕ್ಕೇ ನಂಗೆ ಪೂಜೆ," ಅಂತು ದಪ್ಪ ತಂತಿ.

"ಅಣ್ಣಾ, ಗೋಡೆಯೊಳಗೆ ವೈರು ಬೇಯ್ತಾ ಇದೆ. ವಾಸ್ನೆ ಬರ್ತಿಲ್ವಾ?" ಅಂತು ಫ್ಯೂಸು.

"ಅದು ಬನ್ನಿನ ವಾಸ್ನೆ, ಸುಮ್ನಿರೋ!"

ಇನ್ನು ಫ್ಯೂಸಿಗೆ ಉಳಿದಿದ್ದ ಆಸೆ ವರ್ಷದ ಕರೆಂಟು ತಪಾಸಣೆ ಒಂದೇ. ಬೆಂಕಿಗಿಂತ ಮುಂಚೆ ಅದು ಬರಲಪ್ಪಾ ಅಂತ ಹರಕೆ ಹೊತ್ಕೊಂಡಿತು. ಹರಕೆ ಫಲಿಸ್ತು, ಇನ್ಸ್‌ಪೆಕ್ಟರು ಬಂದೇಬಿಟ್ರು. ಚೆನ್ನವೀರಣ್ಣ ಟೀ, ಪಫ್ಸು ತಂದಿಟ್ಟ. ಅವ್ರು ಕಣ್ಣೆತ್ತಿಯೂ ನೋಡದೆ, ಸೀದಾ ಹೋಗಿ ಬೋರ್ಡಿನ ಮುಚ್ಚಳ ತೆಗೆದು...

"ನಿಲ್ಸಿ ತಾತ!" ಅಂದ್ಳು ಕಥೆ ಕೇಳ್ತಾ ಕೂತಿದ್ದ ಪುಟ್ಟಮಲ್ಲಿ. "ನಾನೂ ಮೆಸ್ಸು ನಡೆಸ್ತೀನಿ. ಫ್ಯೂಸು ಮಾತಾಡ್ತು ಅಂದ್ರಿ, ಒಪ್ಕೊಂಡೆ. ಟೀ, ಪಫ್ಸು ಬಿಟ್ಟು ಇನ್ಸ್‌ಪೆಕ್ಟರು ಮುಚ್ಚಳ ತೆಗೆದ್ರಾ?"