ಗಿಳಿ ಓದಿದ ನಕ್ಷತ್ರ

ಪಕ್ಕದ ಪೊಟರೆಗೆ ಹಾವು ಬಂದದ್ದನ್ನು ಕಂಡ ಗುಬ್ಬಿ, ಮರಿಗಳನ್ನು ಎಚ್ಚರಿಸಲು ನೋಟ್ಸ್ ಆ್ಯಪ್ ತೆರೆದು, ಹೇಗೆ ಬರೆಯಲಿ ಎಂದು ಯೋಚಿಸಿತು.

"ಗುಂಡಿ ಒತ್ತಿ ಅಕ್ಷರ ದಪ್ಪ ಮಾಡು. ಪರದೆಯಲ್ಲಿ ಕಂಡದ್ದೇ ಬರಹ," ಎಂದಿತು ನವಿಲು.

"ಗುಂಡಿ ಬೇಡ, ಗುರುತು ಹಾಕಿ ಬರೆಯುವ ಮಾರ್ಕ್‌ಡೌನ್ ಸಾಕು. ಮುಖ್ಯವಾದ ಮಾತಿನ ಆಚೀಚೆ ಎರಡೆರಡು ನಕ್ಷತ್ರದ ಗುರುತು ಹಾಕು, ಯಾವ ಆ್ಯಪ್‌ಗೆ ಹೋದರೂ ಅಳಿಯುವುದಿಲ್ಲ," ಎಂದಿತು ಕಾಗೆ.

ಗುಬ್ಬಿಗೆ ಕುತೂಹಲ. ಎರಡೂ ಬಗೆಯಲ್ಲಿ ಬರೆದು, ಮರಿಗಳಿಗೆ ಓದಿ ಹೇಳುವ ಗಿಳಿಗೆ ಕೊಟ್ಟಿತು.

ದಪ್ಪಕ್ಷರವನ್ನು ಗಿಳಿ ಎಂದಿನ ರಾಗದಲ್ಲೇ ಓದಿತು: "ಪೊಟರೆಯಲ್ಲಿ ಹಾವಿದೆ." ಮರಿಗಳು ಆಕಳಿಸಿದವು. ಮಾರ್ಕ್‌ಡೌನ್ ಬರಹವನ್ನು ಇದ್ದದ್ದು ಇದ್ದಂತೆ ಓದಿತು: "ಪೊಟರೆಯಲ್ಲಿ ನಕ್ಷತ್ರ ನಕ್ಷತ್ರ ಹಾವಿದೆ ನಕ್ಷತ್ರ ನಕ್ಷತ್ರ." ನಕ್ಷತ್ರ ನೋಡಲು ಮರಿಗಳು ಪೊಟರೆಯತ್ತ ಹೊರಟೇಬಿಟ್ಟವು.

ಗುಬ್ಬಿ ಹಾರಿ ಬಂದು ರೆಕ್ಕೆ ಅಡ್ಡ ಹಿಡಿಯಿತು.

"ಗೆದ್ದವರು ಯಾರು?" ಎಂದವು ನವಿಲು, ಕಾಗೆ.

ಗುಬ್ಬಿ ಇಬ್ಬರಿಗೂ ಬೆನ್ನು ಮಾಡಿ ಕೇಳಿತು: "ಗಿಳಿಯಣ್ಣ, ಹೇಗೆ ಬರೆದರೆ ನೀನು ಕಿರುಚಿ ಓದುತ್ತೀಯ?"