ಸೇತುವೆಗೆ ಬಂದ ಮೊದಲ ಸರಕು

ಹೊಳೆಯ ಮೇಲೆ ಹೊಸ ಸೇತುವೆ ನಿಂತಿತ್ತು. ಸರ್ಕಾರ ಕೊಟ್ಟ ಹಣವೆಲ್ಲ ಕಂಬಗಳಿಗೇ ಮುಗಿದು, ಎರಡು ದಡದಲ್ಲೂ ಅದನ್ನು ಸೇರುವ ರಸ್ತೆ ಆಗಿರಲಿಲ್ಲ. ಉದ್ಘಾಟನೆಗೆ ಬಂದವರು ಏಣಿ ಹತ್ತಿ ಮೇಲೆ ಹೋಗಿ, ಟೇಪು ಕತ್ತರಿಸಿ, ಇಳಿದು, ಏಣಿಯನ್ನೂ ಕೊಂಡೊಯ್ದಿದ್ದರು.

ಒಂದು ಬೆಳಗ್ಗೆ ಎತ್ತೊಂದು ಬದನೆಕಾಯಿ ತುಂಬಿದ ಒಂಟೆತ್ತಿನ ಗಾಡಿಯನ್ನು ಸಂತೆಗೆ ಎಳೆಯುತ್ತ, ಹೊಳೆ ಹರಿದು ಬರುವ ಕಡೆ, ಸೇತುವೆಗಿಂತ ತುಸು ಮೊದಲೇ ನೀರಿಗಿಳಿಯಿತು.

"ಬಸವಾ, ನಿಲ್ಲು," ಎಂದಿತು ಸೇತುವೆ. "ಸಾಲು ಸಾಲು ಗಾಡಿ ಹೊರುವ ಬಲ ನನಗಿದೆ. ನನ್ನಿಂದ ಎರಡೂ ದಡದ ಊರುಗಳು ಬೆಳೆಯುತ್ತವೆ ಎಂದು ಭಾಷಣದಲ್ಲಿ ಹೇಳಿದ್ದಾರೆ. ನೀನೇಕೆ ನೀರಿನಲ್ಲಿ ಹೋಗುತ್ತೀಯೆ?"

"ನಿನ್ನ ಬಲದ ಮೇಲೆ ನನಗೆ ಅನುಮಾನವಿಲ್ಲ. ನಿನ್ನ ಮೇಲೆ ಬರಲು ದಾರಿ ಎಲ್ಲಿದೆ?"

"ಭಾಷಣ ಮಾಡಿದವರು ಬಂದರಲ್ಲ."

"ಅವರು ಏಣಿ ಹತ್ತಿದರು. ಅವರ ಬೆನ್ನಿಗೆ ಗಾಡಿ ಇರಲಿಲ್ಲ."

ಎತ್ತು ಮುಂದಡಿಯಿಟ್ಟಿತು. ಮೇಲೆಲ್ಲೋ ಮಳೆಯಾಗಿ ಹೊಳೆ ಏರಿತ್ತು; ನಡುನೀರಿನಲ್ಲಿ ಗಾಡಿ ಮಗುಚಿತು. ನೊಗ ಮುರಿದು, ಎತ್ತು ಹೇಗೋ ಈಜಿ ದಡ ಸೇರಿತು.

ಸೇತುವೆ ಕಾಯುತ್ತಿದ್ದ ಮೊದಲ ಸರಕು ಅಂದು ಬಂತು. ಅದು ಕಂಬಗಳ ನಡುವೆ ತೇಲಿಕೊಂಡು ಹೋಯಿತು.