ಪುಡಿ ಕೊಟ್ಟವನು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಆಸೆಯಿಲ್ಲದೆ, ಮೋಸವಿಲ್ಲದೆ, ಒಳ್ಳೆಯದಾಗಲಿ ಎಂದೇ ಒಬ್ಬರಿಗೆ ಏನನ್ನೋ ಕೊಟ್ಟೆವು. ಅದರಿಂದ ಅವರಿಗೆ ಕೆಡುಕಾಯಿತು. ಆ ತಪ್ಪು ಯಾರದು?"

ಗುರುಗಳು "ಕುಳಿತುಕೋ" ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಗೂಳಪ್ಪನೆಂಬ ಬಟ್ಟೆ ವ್ಯಾಪಾರಿ ಇದ್ದ. ಪೇಟೆಬೀದಿಯಲ್ಲಿ ಅವನ ತಂದೆಯ ಕಾಲದ ಅಂಗಡಿ. ಬೆಳಗ್ಗೆ ಗಾದಿಯ ಮೇಲೆ ಕುಳಿತರೆ ಬಾಗಿಲು ಹಾಕುವಾಗಲೇ ಏಳುತ್ತಿದ್ದ. ಊಟ ಮನೆಯಿಂದ ಅಲ್ಲಿಗೇ ಬರುತ್ತಿತ್ತು. ಗಿರಾಕಿಗಳು ಬಂದಾಗಲೆಲ್ಲ ಚಹಾ ತರಿಸುತ್ತಿದ್ದ. ಅವರ ಜೊತೆ ತಾನೂ ಕುಡಿಯುತ್ತಿದ್ದ. ನಲವತ್ತೈದು ದಾಟುವ ಹೊತ್ತಿಗೆ ಅವನಿಗೆ ಬಾಯಾರಿಕೆ ಹೆಚ್ಚಿತು. ಮೈ ಇಳಿಯಿತು. ಕಾಲಬೆರಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟರು. ಊಟದಲ್ಲಿ ಹಿಡಿತವಿರಲಿ, ದಿನಾಲು ಒಂದಿಷ್ಟು ದೂರ ನಡೆಯಿರಿ ಎಂದರು.

ಗೂಳಪ್ಪ ಗುಳಿಗೆ ನುಂಗಿದ, ನಡೆಯಲಿಲ್ಲ. ಕೆಲಸವಿಲ್ಲದೆ ಬೀದಿಯಲ್ಲಿ ತಿರುಗುವುದು ಅಂಗಡಿಯ ಯಜಮಾನನಿಗೆ ಒಪ್ಪುವುದಿಲ್ಲ ಎಂದುಕೊಂಡ.

ಮರುವರ್ಷ ರಸ್ತೆ ಅಗಲ ಮಾಡುವಾಗ ಆ ಸಾಲಿನ ಅಂಗಡಿಗಳನ್ನೆಲ್ಲ ಕೆಡವಿದರು. ಬೇರೆ ಅಂಗಡಿ ಸಿಗುವವರೆಗೆ ಮನೆ ನಡೆಯಬೇಕಲ್ಲ. ಗೂಳಪ್ಪ ಉಳಿದ ಸೀರೆಗಳನ್ನು ಗಂಟು ಕಟ್ಟಿದ. ಅದನ್ನು ಹೆಗಲ ಮೇಲೆ ಹೊತ್ತು ಸುತ್ತಲಿನ ಹಳ್ಳಿಗಳಿಗೆ ಹೊರಟ. ಬಸ್ಸು ಹೋಗದ ಹಾದಿಗಳು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದ. ಕೆಲವು ಮನೆಗಳಲ್ಲಿ ಕಟ್ಟೆಯ ಮೇಲೆ ಕೂಡ್ರಿಸಿ ನೀರು ಕೊಡುತ್ತಿದ್ದರು. ಕೆಲವು ಮನೆಗಳಲ್ಲಿ ಬಾಗಿಲಿನಿಂದಲೇ "ಮುಂದೆ ಹೋಗಪ್ಪ" ಎನ್ನುತ್ತಿದ್ದರು. ಮಗಳ ಮದುವೆಗೆ ಹಿಂದೆ ಅವನ ಅಂಗಡಿಯಲ್ಲೇ ಜವಳಿ ತೆಗೆದಿದ್ದ ಒಬ್ಬ ಯಜಮಾನ, ಅವನ ಗುರುತು ಸಿಕ್ಕಿದರೂ ಸಿಗದವನ ಹಾಗೆ ಎದ್ದು ಒಳಗೆ ಹೋದ. ಆ ದಿನ ಗೂಳಪ್ಪ ಊರ ಹೊರಗೆ ಬಂದು, ಗಂಟು ಇಳಿಸಿ, ಅದರ ಮೇಲೆ ಕುಳಿತು ಅತ್ತ.

ಅದೇ ದಿನಗಳಲ್ಲಿ ಹಾದಿಯಲ್ಲಿ ಒಬ್ಬ ಮುದಿ ಕುರಿಗಾಹಿ ಅವನ ಕಾಯಿಲೆಯ ಮಾತು ಕೇಳಿ ಒಂದು ಪುಡಿ ಕೊಟ್ಟ. ನೇರಳೆ ಬೀಜ ಒಣಗಿಸಿ, ಮೆಂತ್ಯ ಸೇರಿಸಿ ಕುಟ್ಟಿದ ಪುಡಿ. ಬೆಳಗ್ಗೆ ಒಂದು ಚಮಚ ನೀರಿನಲ್ಲಿ ಕಲಸಿ ಕುಡಿ ಎಂದ. ಗೂಳಪ್ಪ ಕುಡಿದ. ಡಾಕ್ಟರು ಕೊಟ್ಟ ಗುಳಿಗೆಯನ್ನೂ ಬಿಡಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. ಗಾಯ ಮಾಯಿತು. ಸಕ್ಕರೆ ಇಳಿಯಿತು. ಡಾಕ್ಟರು ಗುಳಿಗೆಯನ್ನು ಅರ್ಧ ಮಾಡಿದರು. "ಏನು ಮಾಡುತ್ತಿದ್ದೀರೋ ಅದನ್ನೇ ಮಾಡುತ್ತಿರಿ" ಎಂದರು. ಗೂಳಪ್ಪ ಮನಸ್ಸಿನಲ್ಲೇ ಆ ಕುರಿಗಾಹಿಗೆ ಕೈಮುಗಿದ.

ಆಮೇಲೆ ನಲವತ್ತು ಮೈಲಿ ದೂರದ ಇನ್ನೊಂದು ಪೇಟೆಯಲ್ಲಿ ಅವನಿಗೆ ಅಂಗಡಿ ಸಿಕ್ಕಿತು. ಅಲ್ಲಿ ಅವನ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ. ಗಂಟು ಹೊತ್ತ ಮಾತನ್ನು ಅಲ್ಲಿ ಎತ್ತಬೇಡ ಎಂದು ಹೆಂಡತಿಗೆ ಹೇಳಿದ. ಮತ್ತೆ ಗಾದಿಯ ಮೇಲೆ ಕುಳಿತ.

ಅವನು ಕೆಟ್ಟವನಲ್ಲ. ತನಗೆ ಸಿಕ್ಕಿದ ಒಳ್ಳೆಯದು ನಾಲ್ಕು ಜನಕ್ಕೆ ಸಿಗಲಿ ಎಂದುಕೊಂಡ. ನೇರಳೆ ಹಣ್ಣಿನ ಕಾಲ ಬಂದರೆ ಬುಟ್ಟಿಗಟ್ಟಲೆ ಬೀಜ ಕೂಡಿಸುತ್ತಿದ್ದ. ಗಂಡ ಹೆಂಡತಿ ಸೇರಿ ತೊಳೆದು, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಸಕ್ಕರೆ ಕಾಯಿಲೆ ಎಂದು ಬಂದವರಿಗೆಲ್ಲ ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಜನ ಅವನನ್ನು ಹರಸಿದರು. ಬಟ್ಟೆಗೆ ಬರುವವರಿಗಿಂತ ಪುಡಿಗೆ ಬರುವವರು ಹೆಚ್ಚಾದರು. ಅದು ಅವನಿಗೆ ಹಿತವಾಗಿತ್ತು.

ಅಂಗಡಿಯ ಎದುರಿನ ಜಗುಲಿಯಲ್ಲಿ ನೀಲವ್ವ ಎಂಬ ಹೆಂಗಸು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಗೂಳಪ್ಪನ ಅಂಗಡಿಯಲ್ಲಿ ತೆಗೆದ ಕುಪ್ಪಸದ ಬಟ್ಟೆ ನೇರ ಅವಳ ಕೈಗೆ ಹೋಗುತ್ತಿತ್ತು. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ಹೊಲಿಗೆಯಿಂದಲೇ ಓದಿಸುತ್ತಿದ್ದಳು. ಅವಳ ಹೊಲಿಗೆ ಎಷ್ಟು ಸಣ್ಣದೆಂದರೆ, ಕುಪ್ಪಸ ಹರಿದರೂ ಹೊಲಿಗೆ ಬಿಚ್ಚುತ್ತಿರಲಿಲ್ಲ. ಗೂಳಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದಳು. ಅವನಿಗೆ ಒಡಹುಟ್ಟಿದ ತಂಗಿ ಇರಲಿಲ್ಲ. ನಾಗರ ಪಂಚಮಿಗೆ ಅವಳು ತಂದುಕೊಟ್ಟ ಉಂಡೆಯನ್ನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದ.

ಒಂದು ದಿನ ನೀಲವ್ವನಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅವಳು ಅಂಗಡಿಗೆ ಬಂದಳು. ಗೂಳಪ್ಪ ದೊಡ್ಡ ಪೊಟ್ಟಣವನ್ನೇ ಕಟ್ಟಿದ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಕೇಳಿದಳು: "ಅಣ್ಣಾ, ನಿಮಗೆ ಕಡಿಮೆಯಾಯಿತಲ್ಲ, ಆಗ ನೀವು ಏನೇನು ಮಾಡಿದಿರಿ? ಒಂದೂ ಬಿಡದೆ ಹೇಳಿರಿ. ನಾನೂ ಹಾಗೇ ಮಾಡುತ್ತೇನೆ."

ಗೂಳಪ್ಪ ತಲೆ ಎತ್ತಿ ಅವಳನ್ನು ನೋಡಿದ. ಹೆಗಲ ಮೇಲಿನ ಗಂಟು, ಕಾದ ಹಾದಿ, ಮುಂದೆ ಹೋಗಪ್ಪ ಎಂದ ಬಾಗಿಲುಗಳು ಅವನ ಕಣ್ಣ ಮುಂದೆ ಬಂದು ಹೋದವು. ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು.

"ಮತ್ತೇನಿಲ್ಲ ತಂಗಿ" ಎಂದ. "ಇದೊಂದೇ."

ಅಷ್ಟೇ ಮಾತು.

ನೀಲವ್ವ ಒಂದು ದಿನವೂ ಪುಡಿ ತಪ್ಪಿಸಲಿಲ್ಲ. ಹಬ್ಬವಿರಲಿ, ಜ್ವರವಿರಲಿ, ಬೆಳಗ್ಗೆ ಮೊದಲು ಪುಡಿ, ಆಮೇಲೆ ಮಿಷನ್. ಬೆಳಕಿರುವ ತನಕ ಕುಳಿತೇ ಇರುತ್ತಿದ್ದಳು. ಕೆಲವು ತಿಂಗಳಾದ ಮೇಲೆ "ಗುಳಿಗೆ ಬಿಟ್ಟುಬಿಟ್ಟೆ ಅಣ್ಣಾ. ನಿಮ್ಮ ಪುಡಿಯೇ ಸಾಕು" ಎಂದಳು. ಗೂಳಪ್ಪ ಆಗಲೂ ಅರ್ಧ ಗುಳಿಗೆ ನುಂಗುತ್ತಿದ್ದ. ಬಿಡಬೇಡ ಎನ್ನಬೇಕೆಂದು ಅವನ ಬಾಯಿಗೆ ಬಂತು. ಆದರೆ ನಿಮ್ಮ ಪುಡಿಯೇ ಸಾಕು ಎಂಬ ಮಾತು ಅವನಿಗೆ ಎಷ್ಟು ಇಷ್ಟವಾಯಿತೆಂದರೆ, ಅವನು ನಕ್ಕು ಸುಮ್ಮನಾದ.

ನಾಲ್ಕು ವರ್ಷ ಕಳೆಯಿತು. ಒಂದು ಮದುವೆಯ ಮನೆಯವರು ಕುಪ್ಪಸ ಹಿಡಿದುಕೊಂಡು ಜಗಳಕ್ಕೆ ಬಂದರು. ಒಂದು ತೋಳಿನ ಅಂಚು ಹೊರಗೆ, ಇನ್ನೊಂದರದು ಒಳಗೆ. ನೀಲವ್ವ ಮೋಡದ ದಿನ ಹೊಲಿದದ್ದು ಎಂದಳು. ಇನ್ನೊಂದು ತಿಂಗಳಿಗೆ ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯತೊಡಗಿದಳು. ಗೂಳಪ್ಪ ಎದುರಿನಿಂದ ನೋಡುತ್ತಿದ್ದ. ಕನ್ನಡಕ ಬದಲಿಸಿದರೆ ಸರಿಹೋಗುತ್ತದೆ ಎಂದ. ಅವನ ಕಾಲೂ ಆಗ ಜೋಮು ಹಿಡಿಯುತ್ತಿತ್ತು. ಅವನು ಪುಡಿಯನ್ನು ಎರಡು ಚಮಚ ಮಾಡಿಕೊಂಡಿದ್ದ.

ಒಂದು ಬೆಳಗ್ಗೆ ನೀಲವ್ವ ಮಿಷನ್ ಮುಂದೆ ಕುಳಿತವಳು ಬಟ್ಟೆಯನ್ನು ತಡವಿದಳು. "ಅಣ್ಣಾ, ಕಣ್ಣಿಗೆ ಕಪ್ಪು ಅಡರಿದೆ" ಎಂದು ಕೂಗಿದಳು.

ಗೂಳಪ್ಪ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಅವಳನ್ನು ಜಿಲ್ಲೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಕಣ್ಣಿನ ಒಳಗೆ ರಕ್ತ ಸೋರಿದೆ ಎಂದರು. ಒಂದು ಕಣ್ಣು ಹೋಗಿದೆ, ಇನ್ನೊಂದರಲ್ಲಿ ನೆರಳಷ್ಟು ಉಳಿಯಬಹುದು ಎಂದರು. ಸಕ್ಕರೆ ಎಷ್ಟೋ ದಿನದಿಂದ ಹೆಚ್ಚಿತ್ತು, ಯಾಕೆ ಗುಳಿಗೆ ಬಿಟ್ಟಿರಿ ಎಂದು ಕೇಳಿದರು. ಗೂಳಪ್ಪ ಪುಡಿಯ ಮಾತು ಹೇಳಿದ. ತನಗೆ ಅದರಿಂದ ಗುಣವಾಗಿತ್ತು ಎಂದು ಹೇಳಿ, ಜೊತೆಗೆ ತಂದಿದ್ದ ತನ್ನ ಹಳೆಯ ರಕ್ತ ಪರೀಕ್ಷೆಯ ಚೀಟಿಗಳನ್ನು ಮುಂದಿಟ್ಟ.

ಡಾಕ್ಟರು ಚೀಟಿಗಳನ್ನು ಒಂದೊಂದಾಗಿ ನೋಡಿದರು. "ಈ ಎರಡು ವರ್ಷ ನಿಮ್ಮ ಸಕ್ಕರೆ ಚೆನ್ನಾಗಿತ್ತು. ಆಗ ಏನು ಕೆಲಸ ಮಾಡುತ್ತಿದ್ದಿರಿ?"

ಗೂಳಪ್ಪ ನೀಲವ್ವನ ಕಡೆ ನೋಡಿದ. ಡಾಕ್ಟರು ಮತ್ತೆ ಕೇಳಿದರು.

"ಸೀರೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದೆ."

"ದಿನಕ್ಕೆ ಎಷ್ಟು ದೂರ?"

"ಹತ್ತು ಹನ್ನೆರಡು ಮೈಲಿ."

ಡಾಕ್ಟರು ಚೀಟಿಗಳನ್ನು ಮಡಿಸಿ ಅವನ ಕೈಗೆ ಕೊಟ್ಟರು. "ಪುಡಿ ಅಷ್ಟೋ ಇಷ್ಟೋ ನೆರವಾಗಿರಬಹುದು. ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಸಕ್ಕರೆಯನ್ನು ಹಿಡಿದು ಇಟ್ಟದ್ದು ಆ ನಡಿಗೆ ಮತ್ತು ಗುಳಿಗೆ."

ನೀಲವ್ವ ಪಕ್ಕದಲ್ಲೇ ಕುಳಿತಿದ್ದಳು. ಎಲ್ಲವನ್ನೂ ಕೇಳಿದಳು. ಬಸ್ಸಿನಲ್ಲಿ ಅವಳು ಬೈದರೆ ಬಯ್ಯಲಿ ಎಂದು ಗೂಳಪ್ಪ ಕಾಯುತ್ತಿದ್ದ. ಊರು ಹತ್ತಿರ ಬಂದಾಗ ಅವಳು ಮೆಲ್ಲಗೆ ಹೇಳಿದಳು:

"ನಾನು ನಡೆಯುತ್ತಿದ್ದೆ ಅಣ್ಣಾ. ನೀವು ಹೇಳಿದ್ದರೆ ನಾನು ನಡೆಯುತ್ತಿದ್ದೆ."

ಗೂಳಪ್ಪ ಅವಳ ಕೈ ಹಿಡಿದು ಬಸ್ಸಿನಿಂದ ಇಳಿಸಿದ. ಮೆಟ್ಟಿಲು ಎಷ್ಟು ಎತ್ತರವಿದೆ ಎಂದು ಅವಳು ಕಾಲಿನಿಂದ ಹುಡುಕುತ್ತಿದ್ದಳು. ಅದನ್ನು ಅವನು ಸಾಯುವ ತನಕ ಮರೆಯಲಿಲ್ಲ.

ಮರುದಿನ ಬೆಳಗ್ಗೆ ಅವನು ಅವಳ ಮನೆಯ ಬಾಗಿಲಿಗೆ ಹೋದ. "ಬಾ ತಂಗಿ, ಕೆರೆಯ ತನಕ ಹೋಗಿ ಬರೋಣ" ಎಂದ. ಅವಳು ಬರುವುದಿಲ್ಲ ಎಂದಳು. ಮೂರು ದಿನ ಹೋದ. ನಾಲ್ಕನೆಯ ದಿನ ಅವಳು ಸೆರಗು ಹೊದ್ದು ಹೊರಗೆ ಬಂದಳು. ಅಂದಿನಿಂದ ದಿನಾಲು ಇಬ್ಬರೂ ನಡೆದರು. ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ನುಂಗಿದರು. ವರ್ಷ ತುಂಬುವುದರೊಳಗೆ ಇಬ್ಬರ ಸಕ್ಕರೆಯೂ ಇಳಿಯಿತು. ಅವನ ಕಾಲಿನ ಜೋಮು ಕಡಿಮೆಯಾಯಿತು. ಅವಳ ಮೈಗೆ ಕಸುವು ಬಂತು.

ಕಣ್ಣು ಬರಲಿಲ್ಲ. ದೊಡ್ಡ ಮಗಳು ಓದು ಬಿಟ್ಟು ಮಿಷನ್ ಮುಂದೆ ಕುಳಿತಳು. ಅವಳ ಹೊಲಿಗೆ ತಾಯಿಯ ಹೊಲಿಗೆಯಷ್ಟು ಸಣ್ಣದಾಗಿರಲಿಲ್ಲ. ನೀಲವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಚೆನ್ನಾಗಿದೆ ಎನ್ನುತ್ತಿದ್ದಳು.

ಪೇಟೆಯಲ್ಲಿ ನಡೆಯುವಾಗ ಅವಳು ಕೇಳುತ್ತಿದ್ದಳು, "ಅಣ್ಣಾ, ಅಂಗಡಿಗಳ ಮುಂದೆ ಇವತ್ತು ಯಾವ ಬಣ್ಣದ ಸೀರೆ ತೂಗುಹಾಕಿದ್ದಾರೆ?" ಅವನು ಹೇಳುತ್ತಿದ್ದ. ಅಂಚಿನ ಬಣ್ಣ, ಸೆರಗಿನ ಬಣ್ಣ, ಎಲ್ಲವನ್ನೂ ಹೇಳುತ್ತಿದ್ದ. ಅವಳು ಕೇಳುತ್ತ ಮುಂದೆ ನಡೆಯುತ್ತಿದ್ದಳು.

ಅವನು ಪುಡಿ ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ಕೇಳಿದವರನ್ನೆಲ್ಲ ಕೂಡ್ರಿಸಿ, ಗಂಟು ಹೊತ್ತದ್ದು, ಅತ್ತದ್ದು, ಗುಳಿಗೆ ನುಂಗಿದ್ದು, ಎಲ್ಲವನ್ನೂ ಮೊದಲು ಹೇಳುತ್ತಿದ್ದ. ಕೆಲವರು ಕೇಳುತ್ತಿದ್ದರು. ಹಲವರು ಪುಡಿ ತೆಗೆದುಕೊಂಡು, ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು. ಅವನು ಅವರ ಹಿಂದೆ ಮೆಟ್ಟಿಲು ಇಳಿದು ಬೀದಿಯವರೆಗೂ ಹೋಗಿ ಹೇಳುತ್ತಿದ್ದ. ಮುದುಕನಿಗೆ ಅರಳುಮರಳು ಎಂದು ಜನ ನಕ್ಕರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮನಸ್ಸು ನೊಂದಿತ್ತು. ಅವನಿಗೆ ಆ ವ್ಯಾಪಾರಿಯ ಮೇಲೆ ಕನಿಕರ ಹುಟ್ಟಿತ್ತು. "ಗುರುಗಳೇ, ಅವನು ಸುಳ್ಳುಗಾರನಲ್ಲವಲ್ಲ. ತನಗೆ ಔಷಧಿಯಾದದ್ದು ಆ ನಡಿಗೆಯೇ ಎಂದು ಆಗ ಅವನಿಗೇ ತಿಳಿದಿರಲಿಲ್ಲ. ತಿಳಿಯದ್ದನ್ನು ಅವನು ಹೇಗೆ ಹೇಳಬೇಕಾಗಿತ್ತು?"

ಗುರುಗಳು ಹೇಳಿದರು: "ಔಷಧಿ ಯಾವುದು ಎಂದು ಅವಳು ಕೇಳಿರಲಿಲ್ಲ ಮಗನೇ, ಏನೇನು ಮಾಡಿದಿರಿ ಎಂದು ಕೇಳಿದ್ದಳು."